ಹೊಲಿಗೆ ಅಕ್ಕಾರ ತಕರಾರು

ನಮ್ಮ ಮನೆಗೂ ಸುವಾರ್ತಾಬಾಯಿಯವರ ಮನೆಗೂ ನಡುವೆ ಒಂದೇ ಗೋಡೆ. ಹಳೇ ಬಾಗಲಕೋಟೆಯ ಓಣಿಗಳಲ್ಲಿ ಅದೇನೂ ದೊಡ್ಡ ಮಾತಲ್ಲ. ಅವರು ಆಚೆ ಕೆಮ್ಮಿದರೆ ನನಗೆ ಈಚೆ ಕೇಳುತ್ತಿತ್ತು. ಕೇಳಿದರೂ ಎದ್ದು ಹೋಗಿ ಏನಾಯಿತೆಂದು ವಿಚಾರಿಸುತ್ತಿರಲಿಲ್ಲ. ಮನೆ ತುಂಬ ಮಂದಿ ಇದ್ದವರಿಗೆ ಒಂಟಿ ಮನೆಯ ಕೆಮ್ಮು ಬೇಗ ರೂಢಿಯಾಗುತ್ತದೆ.

ಊರಿಗೆಲ್ಲ ಅವರು ಹೊಲಿಗೆ ಅಕ್ಕಾರು, ಅಂದರೆ ಹೊಲಿಗೆ ಟೀಚರು. ಗುಳೇದಗುಡ್ಡದ ಮಿಶನ್ ಕಂಪೌಂಡಿನಲ್ಲಿ ಹುಟ್ಟಿ, ಅಲ್ಲೇ ಹೊಲಿಗೆ ಕಲಿತು, ನಮ್ಮೂರ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕಲಿಸಿದವರು. ನಾನೂ ಅವರ ಕೈಯಲ್ಲಿ ಕಲಿತವಳೇ. ಗುಂಡಿಗೆ ಮಾಡಿದ ನನ್ನ ಮೊದಲ ಕಾಜಾ ನೋಡಿ, "ಗುರುಸಿದ್ದಿ, ಇದು ಕಾಜಾ ಅಲ್ಲ ಬಿಡವಾ, ಇಲಿ ಕಡದ ತೂತು" ಅಂದಿದ್ದರು. ಇಡೀ ವರ್ಗ ನಕ್ಕಿತ್ತು. ಆ ಸಿಟ್ಟಿಗೇ ನಾನು ಚೆನ್ನಾಗಿ ಹೊಲಿಯುವುದನ್ನು ಕಲಿತೆ.

ಅಕ್ಕಾರು ಮದುವೆ ಮಾಡಿಕೊಳ್ಳಲಿಲ್ಲ. ತಮ್ಮ ಸ್ವಂತ ಅಕ್ಕ ಲಿದಿಯಾಬಾಯಿಯ ಜೊತೆ ಇದ್ದರು. ಎಪ್ಪತ್ತೇಳರಲ್ಲಿ ಅಕ್ಕ ತೀರಿಕೊಂಡರು, ಎಂಬತ್ತೊಂದರಲ್ಲಿ ನೌಕರಿ ಮುಗಿಯಿತು. ಆಮೇಲೆ ಆ ಮನೆಯಿಂದ ಕೇಳುತ್ತಿದ್ದದ್ದು ಹೊಲಿಗೆ ಮಷೀನಿನ ಸದ್ದು ಮತ್ತು ಗೋಡೆ ಗಡಿಯಾರದ ಗಂಟೆ. ಆ ಗಡಿಯಾರ ನಾಲ್ಕು ಹೊಡೆದದ್ದು ನನಗೇ ಕೇಳಿರುತ್ತಿತ್ತು. ಆದರೂ ಅಕ್ಕಾರು ಹಿತ್ತಲ ಗೋಡೆಯ ಹತ್ತಿರ ಬಂದು, "ಗುರುಸಿದ್ದೀ, ಎಷ್ಟ ಗಂಟಿ ಆತವಾ?" ಎಂದು ಕೇಳುತ್ತಿದ್ದರು. ನಾನು ದಡ್ಡಿ. "ನಾಕ ಆತ್ರಿ" ಎಂದು ಹೇಳಿ ಒಳಗೆ ಬರುತ್ತಿದ್ದೆ. ಅವರಿಗೆ ಬೇಕಾಗಿದ್ದದ್ದು ಗಂಟೆ ಅಲ್ಲ ಎಂದು ತಿಳಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ಊರಲ್ಲಿ ಅವರ ಕ್ರೈಸ್ತ ಸಭೆಯವರು ಒಟ್ಟು ಹನ್ನೊಂದು ಮನೆ. ರವಿವಾರ ದೇವಾಲಯದಲ್ಲಿ ಸೇರುವುದು, ಕೈ ಮುಗಿಯುವುದು, ಅವರವರ ಮನೆಗೆ ಹೋಗುವುದು. ಅಕ್ಕಾರ ಮನೆಗೆ ಯಾರೂ ಬರುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ, ಒಂಟಿ ಮುದುಕಿಯ ಮನೆಗೆ ಹೋಗಿ ಏನು ಮಾತಾಡುವುದು, ಅಷ್ಟೇ.

ಎಂಬತ್ತೈದರ ನವೆಂಬರಿನಲ್ಲಿ ಬಜಾರದ ಅರಿವೆ ಅಂಗಡಿ ಅಂದಪ್ಪ ಅವರ ಮನೆಗೆ ಕೆಂಪು ಸಾಟಿನ್ ಬಟ್ಟೆ ತಂದ. ನೆಲ ಮುಟ್ಟುವ ಅಂಗಿ ಬೇಕು, ತೋಳಿಗೂ ಅಂಚಿಗೂ ಬಿಳಿ ಪಟ್ಟಿ ಇರಬೇಕು ಅಂದ. "ಯಾರಿಗಪ್ಪಾ?" ಎಂದರೆ, "ನಾಟಕದವರಿಗ್ರಿ" ಅಂದ. ನಮ್ಮ ಕಡೆ ನಾಟಕದ ರಾಜರು ಇದಕ್ಕಿಂತ ಬೆರಗಿನ ಅಂಗಿ ಹಾಕಿದ್ದನ್ನು ಎಲ್ಲರೂ ನೋಡಿದ್ದೇವೆ. ಅಕ್ಕಾರು ಏನೂ ಸಂಶಯಪಡದೆ ಒಪ್ಪವಾಗಿ ಹೊಲಿದುಕೊಟ್ಟರು.

ಡಿಸೆಂಬರ್ ಮೊದಲ ವಾರ ನಾವಿಬ್ಬರೂ ದಾರದ ಉಂಡೆ ತರಲು ಬಜಾರಕ್ಕೆ ಹೋದೆವು. ಅಂದಪ್ಪನ ಅಂಗಡಿಯ ಮುಂದೆ ಜಾತ್ರೆಯಷ್ಟು ಮಂದಿ. ಬಾಗಿಲಲ್ಲಿ ಅದೇ ಕೆಂಪು ಅಂಗಿ ತೊಟ್ಟ ಒಬ್ಬ ಎತ್ತರದ ಮನುಷ್ಯ, ಎದೆಯ ತನಕ ಬಿಳಿ ಗಡ್ಡ, ಕೈಯಲ್ಲಿ ಗಂಟೆ. ಬಂದವರ ಕೈಗೆ ಒಂದೊಂದು ಪೆಪ್ಪರಮೆಂಟು ಕೊಡುತ್ತ, "ಹ್ಯಾಪಿ ಕ್ರಿಸ್‌ಮಸ್, ಬರ್ರಿ ಬರ್ರಿ, ಟೆರಿಕಾಟ್ ಅಗ್ಗ ಐತಿ" ಎಂದು ಕೂಗುತ್ತಿದ್ದ. ಮೇಲೆ ಬಟ್ಟೆಯ ಮೇಲೆ ಬರೆಸಿದ್ದರು: ಕ್ರಿಸ್‌ಮಸ್ ಭಾರೀ ರಿಯಾಯಿತಿ. ಅಂದಪ್ಪ ಮುಂಬಯಿಯಲ್ಲಿ ಇಂಥದ್ದು ನೋಡಿ ಬಂದಿದ್ದನಂತೆ. ಇಂದಲ್ಲ ನಾಳೆ ಊರು ಅಣೆಕಟ್ಟಿನ ನೀರಲ್ಲಿ ಮುಳುಗುತ್ತದೆ ಎಂದು ಎಲ್ಲರೂ ಅಂಗಡಿಗೆ ಸುಣ್ಣ ಹೊಡೆಸುವುದನ್ನೂ ಬಿಟ್ಟಿದ್ದ ಕಾಲದಲ್ಲಿ ಅವನೊಬ್ಬನಿಗೆ ವ್ಯಾಪಾರದ ಹುರುಪು ಹೆಚ್ಚಾಗಿತ್ತು.

ಅಕ್ಕಾರ ಮುಖ ಕೆಂಪಾಯಿತು. "ಕೊಟಿಗ್ಯಾಗ ಹುಟ್ಟಿದಾಂವ ನಮ್ಮ ಸ್ವಾಮಿ. ಅಂವನ ಹೆಸರಿನ ಮ್ಯಾಲ ಪ್ಯಾಂಟಿನ ಅರಿವಿ ಮಾರತೀಯೇನೋ ಅಂದಪ್ಪಾ? ಅದೂ ನನ್ನ ಕೈಲೇ ಹೊಲಿಸಿ?" ಎಂದು ನಡುಬಜಾರದಲ್ಲಿ ಕೂಗಿದರು. ಇಷ್ಟು ದೊಡ್ಡ ದನಿ ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ. ಅಂದಪ್ಪ ಹಲ್ಲು ಕಿರಿದ. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ದೀಪಾವಳಿಗೂ ಮಾರತೇವಿ, ರಮಜಾನಕ್ಕೂ ಮಾರತೇವಿ. ನಿಮ್ಮ ಹಬ್ಬಾ ಒಂದ ಯಾಕ ಹಿಂದ ಬೀಳಬೇಕ್ರಿ?"

ಅಂದು ಸಂಜೆಯೇ ಅವರು ಸಭೆಯ ಹಿರಿಯ ಯೋಹಾನಪ್ಪನವರ ಮನೆಗೆ ಹೋದರು. ಯೋಹಾನಪ್ಪ ರೇಲ್ವೆಯಿಂದ ನಿವೃತ್ತರಾದವರು, ಕಾನೂನು ಬಲ್ಲೆ ಎನ್ನುವ ಮನುಷ್ಯ. ಮರುದಿನ ಅಕ್ಕಾರ ಪಡಸಾಲೆಯಲ್ಲಿ ಮೀಟಿಂಗ್ ಸೇರಿತು. ಅದರ ಮರುದಿನವೂ ಸೇರಿತು. ನಮ್ಮ ಮನೆಯ ಬೆಂಚು ಆಚೆ ಹೋಯಿತು, ದೊಡ್ಡ ಚಹಾದ ಪಾತ್ರೆಯೂ ಹೋಯಿತು. ಅರ್ಜಿ ಬರೆಯುವುದು, ಹರಿಯುವುದು, ಮತ್ತೆ ಬರೆಯುವುದು, ನಡುನಡುವೆ ಒಂದು ಕೀರ್ತನೆ. ನಾಲ್ಕು ವರ್ಷ ಮಷೀನು, ಗಡಿಯಾರಗಳ ಸದ್ದು ಬಿಟ್ಟು ಏನೂ ಕೇಳದ ಗೋಡೆಯಾಚೆ ಈಗ ಗಂಡಸರ ನಗು, ಹೆಂಗಸರ ಬಳೆ ಸಪ್ಪಳ.

ನಾನು ಬೆಂಚು ಕೊಡಲು ಹೋದಾಗ ನೋಡಿದೆ, ಅಕ್ಕಾರು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಒಬ್ಬೊಬ್ಬರಿಗೂ ತಾವೇ ಚಹಾ ತುಂಬಿ ಕೊಡುತ್ತಿದ್ದರು. "ಸಿಟ್ಟು ಇಳೀತೇನ್ರಿ?" ಎಂದು ಚೇಷ್ಟೆ ಮಾಡಿದೆ. "ಎಲ್ಲಿ ಇಳೀತದವಾ, ದಿನಾ ಏರಾಕ ಹತ್ತೇತಿ" ಎಂದು ನಕ್ಕರು. ಆ ಸಿಟ್ಟು ಇಳಿಯುವುದು ಅವರಿಗೆ ಬೇಕಿರಲೇ ಇಲ್ಲ. ಅದನ್ನು ನಾನು ತಪ್ಪೆನ್ನುವುದಿಲ್ಲ. ಸುಖಕ್ಕೆ ಯಾರೂ ಬರಲಿಲ್ಲ, ದುಃಖಕ್ಕೂ ಬರಲಿಲ್ಲ. ಸಿಟ್ಟಿಗೆ ಹನ್ನೊಂದು ಮನೆಯವರು ಬಂದರು.

ಹದಿನೈದನೆಯ ತಾರೀಖು ರವಿವಾರ. ಪ್ರಾರ್ಥನೆ ಮುಗಿಸಿ ಎಲ್ಲರೂ ನೇರವಾಗಿ ಅಂದಪ್ಪನ ಅಂಗಡಿಯ ಮುಂದೆ ನಿಂತರು. ಯೋಹಾನಪ್ಪ ಅರ್ಜಿ ಓದಿದರು. ಗಂಟೆಯವನು ಏನು ಮಾಡಬೇಕೆಂದು ತಿಳಿಯದೆ ಅವರ ಕೈಗೂ ಪೆಪ್ಪರಮೆಂಟು ಕೊಡಲು ಹೋದ. ಅಕ್ಕಾರು ಮುಂದೆ ಬಂದು ಆ ಗಡ್ಡ ಹಿಡಿದು ಎಳೆದರು. ನಾಟಕ ಕಂಪನಿಯ ಗಡ್ಡ, ಅಂಟು ಗಟ್ಟಿಯಾಗಿತ್ತು. ಚರ್ಮದ ಸಮೇತ ಬಂದಂತೆ ಬಂತು. ಕೆಳಗೆ ಒಂದು ಒಣಗಿದ ಮುದುಕನ ಮುಖ. ಮಂದಿ ಹೋ ಎಂದರು. ಆತ ಎರಡೂ ಕೈಯಿಂದ ಗಲ್ಲ ಮುಚ್ಚಿಕೊಂಡು ಒಳಗೆ ಹೋದ. ಗಿರಾಕಿ ಕೆಡುತ್ತದೆ ಎಂದು ಕಂಡದ್ದೇ ತಡ, ಅಂದಪ್ಪ ಕೈ ಮುಗಿದ. "ತಗದ ಬಿಟ್ಟೇನ್ರಿ, ಅಂವನ್ನೂ ಕೆಲಸದಿಂದ ತಗದ ಬಿಟ್ಟೇನಿ."

ಗೆದ್ದರು. ಆ ಖುಷಿಯಲ್ಲೇ ಮಾತಾಯಿತು: ಈ ಸಲ ಕ್ರಿಸ್‌ಮಸ್ ಊಟ ಹನ್ನೊಂದೂ ಮನೆಯವರದು ಅಕ್ಕಾರ ಮನೆಯಲ್ಲೇ. ಲಿದಿಯಾಬಾಯಿ ಸತ್ತ ಮೇಲೆ ಅವರ ಒಲೆಯ ಮೇಲೆ ದೊಡ್ಡ ಬೋಗುಣಿ ಏರಿರಲಿಲ್ಲ. ಅವರು ನಮ್ಮ ಹಿತ್ತಲ ಗೋಡೆಗೆ ಬಂದು, "ಐವತ್ತ ಮಂದಿಗೆ ಕರಚಿಕಾಯಿ ಅಂದ್ರ ಕೊಬ್ಬರಿ ಎಷ್ಟ ಬೇಕವಾ?" ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ಕೇಳಿದಾಗ ಅವರ ಕಣ್ಣಲ್ಲಿ ನೀರಿತ್ತು.

ಪ್ರತಿ ಗುರುವಾರ ಅಕ್ಕಾರು ಸರಕಾರಿ ದವಾಖಾನೆಯ ಹೆಂಗಸರ ವಾರ್ಡಿಗೆ ಹೋಗುತ್ತಿದ್ದರು. ಉಳಿದ ಬಟ್ಟೆ ತುಂಡುಗಳಿಂದ ಹಸುಗೂಸುಗಳಿಗೆ ಅಂಗಿ ಹೊಲಿದು ಹಂಚುವುದು, ಯಾರೂ ಇಲ್ಲದವರ ಹತ್ತಿರ ಕೂರುವುದು. ಆ ಗುರುವಾರ ಚೀಲ ಹಿಡಿಯಲು ನಾನೂ ಹೋದೆ. ಮೂಲೆಯ ಮಂಚದ ಮೇಲೆ ಬಿಬಿಜಾನ ಎಂಬ ಕಮತಗಿಯ ಮುದುಕಿ, ಕಾಲು ಬಾತಿತ್ತು. ಅಕ್ಕಾರು ಬಾಳೆಹಣ್ಣು ಸುಲಿದು ಅರ್ಧ ಮುರಿದುಕೊಟ್ಟು, "ನೋಡಾಕ ಯಾರ ಬರತಾರವಾ?" ಎಂದರು.

"ನಮ್ಮನ್ಯಾಗಿನವ್ರು ಬರತಾರ್ರಿ. ಇಬ್ರಾಹಿಂಸಾಬ ಅಂದ್ರ ಹಿಂದಕ ಭಾಳ ಹೆಸರಿತ್ರಿ. ನಾಟಕದಾಗ ಮೂವತ್ತ ವರ್ಷ ರಾಜಾನ ಪಾರ್ಟ ಮಾಡ್ಯಾರ. ಕಂಪನಿ ಮುಚ್ಚಿತು. ಈಗ ಅರಿವಿ ಅಂಗಡ್ಯಾಗ ಗಡ್ಡಾ ಕಟಗೊಂಡ ನಿಂದ್ರೂ ಕೆಲಸಾ ಸಿಕ್ಕಿತ್ತು. ಯಾರೋ ಕಿರಿಸ್ತಾನರ ಬಾಯಾರು ಬಂದು ಮಂದ್ಯಾಗ ಗಡ್ಡಾ ಕಿತ್ತರಂತ. ಗಲ್ಲಾ ಸುಲದೈತ್ರಿ. ಅದಕ್ಕ ಅಳಲಿಲ್ಲ ಅವ್ರು. ಸ್ಟೇಜಿನ ಮ್ಯಾಲ ಒಂದ ದಿನಾ ನನ್ನ ಗಡ್ಡಾ ಕಳಚಿದ್ದಿಲ್ಲ ಅಂತ ಅತ್ತರು."

ಬಿಬಿಜಾನಳಿಗೆ ಆ ಬಾಯಾರು ಯಾರೆಂದು ಗೊತ್ತಿರಲಿಲ್ಲ. ಅಕ್ಕಾರು ಉಳಿದರ್ಧ ಹಣ್ಣನ್ನು ಕೈಯಲ್ಲೇ ಹಿಡಿದು ಕೂತರು. ಆಮೇಲೆ, "ಆಕಿ ಮಾಡಿದ್ದು ತಪ್ಪವಾ" ಎಂದರು.

ಮರುದಿನ ಅಂದಪ್ಪನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಇಬ್ರಾಹಿಂಸಾಬನನ್ನು ಮತ್ತೆ ಕೆಲಸಕ್ಕೆ ಇಟ್ಟುಕೋ ಎಂದು ಕೇಳಿದರು. ಅಂದಪ್ಪನದು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಲೆಕ್ಕ. "ನಿಮ್ಮ ಮಂದಿ ಮತ್ತ ಬಂದ್ರ ನಾ ಏನ ಮಾಡ್ಲಿರಿ? ನಿಮ್ಮ ತಕರಾರ ಇಲ್ಲಂತ ಬರಕೊಡ್ರಿ, ಇವತ್ತ ಕರಸ್ತೇನಿ" ಎಂದ. ನಾನು ಸೀರೆ ಜಗ್ಗಿದೆ. "ಅಕ್ಕಾರ, ಊಟದ ಮಾತ ನೆನಪೈತಿಲ್ರಿ?" ಎಂದು ಕಿವಿಯಲ್ಲಿ ಹೇಳಿದೆ. ಅವರು ನನ್ನ ಮುಖ ನೋಡಿದರು. ನೆನಪಿತ್ತು. ಆಮೇಲೆ ಪೆನ್ನು ಇಸಿದುಕೊಂಡು ತಮ್ಮ ದುಂಡು ಅಕ್ಷರಗಳಲ್ಲಿ ಬರೆದರು: ಈ ಅಂಗಡಿಯ ಕ್ರಿಸ್‌ಮಸ್ ಅಜ್ಜನ ಬಗ್ಗೆ ನನ್ನ ತಕರಾರು ಇಲ್ಲ. ಕೆಳಗೆ ಸಹಿ.

ಒಂದೇ ಮಾತು ಕೇಳಿಕೊಂಡರು, "ನಾ ಬಂದಿದ್ದೆ ಅಂತ ಇಬ್ರಾಹಿಂಸಾಬಗ ಹೇಳಬ್ಯಾಡಪಾ." ಅಂದಪ್ಪ ಅದನ್ನು ನಡೆಸಿದ, ಆತನಿಗೆ ಹೇಳಲಿಲ್ಲ. ಅಂಗಡಿಯಲ್ಲಿ ದುಡಿಯುವ ಆ ಮುದುಕನಿಗೆ ಓದಲು ಬರುತ್ತಿರಲಿಲ್ಲ. ಪಾರ್ಟೆಲ್ಲ ಕೇಳಿ ಕಲಿತವನು. ಅದು ಗೊತ್ತಿದ್ದ ಅಂದಪ್ಪ ಶನಿವಾರ ಬೆಳಿಗ್ಗೆ ಆ ಕಾಗದಕ್ಕೆ ಚೌಕಟ್ಟು ಹಾಕಿಸಿ, ಊರೆಲ್ಲ ಓದಲೆಂದು ಬಾಗಿಲಿಗೇ ತೂಗುಹಾಕಿದ.

ರವಿವಾರ ಮಧ್ಯಾಹ್ನ ಯೋಹಾನಪ್ಪ ಅಕ್ಕಾರ ಮನೆಗೆ ಬಂದರು. ಈಚೆ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದೆ. ಗೋಡೆಗೆ ಕಿವಿ ಇರುತ್ತದೆ ಅಂತಾರಲ್ಲ, ಅಂದು ಆ ಕಿವಿ ನನ್ನದೇ.

"ಏನ ಕೊಟ್ಟಾ ಅಂದಪ್ಪ? ಸೀರಿ ಕೊಟ್ಟನೇನು?"

"ಆ ಗಡ್ಡದ ಮುದಕನ ಹೇಣ್ತಿ ದವಾಖಾನ್ಯಾಗ ಅದಾಳ್ರಿ. ಕೆಲಸಾ ನಾವ ಕಸಗೊಂಡೇವಿ."

"ಹಂಗಿದ್ರ ಸಭಾದಾಗ ಹೇಳಬೇಕಿತ್ತು. ಕಾಣಿಕಿ ಎತ್ತಿ ಕೊಡತಿದ್ದಿವಿ. ನಮ್ಮ ಹಬ್ಬಾ ಯಾಕ ಮಾರಿದ್ರಿ?"

"ಅಂವ ಭಿಕ್ಷಾ ಕೇಳಲಿಲ್ಲರಿ. ದುಡಿಯಾಕ ನಿಂತಿದ್ದ. ನಾವು ಕಾಣಿಕಿ ಕೊಟ್ಟು ಪುಣ್ಯಾ ಕಟಗೋತೇವಿ, ಅಂವ ಕೈಯೊಡ್ಡಬೇಕು. ಹಬ್ಬದ ಮರ್ಯಾದಿ ಉಳಿಸಾಕ ಹೋಗಿ ಒಬ್ಬ ಮುದಕನ ಮರ್ಯಾದಿ ಕಳದೆ ನಾನು."

"ಮಂದಿ ನಿಮ್ಮ ಮಾತ ಕೇಳಿ ಬಜಾರದಾಗ ನಿಂತರು. ಅವರ ಮಾರಿಗೆ ಮಸಿ ಬಳದ್ರಿ" ಎಂದರು ಯೋಹಾನಪ್ಪ. "ಹಬ್ಬದ ಊಟಾ ನಮ್ಮನ್ಯಾಗ ಇಟ್ಟೇವಿ" ಎಂದು ಎದ್ದರು. ನೀವೂ ಬರ್ರಿ ಎಂದು ಅನ್ನಲಿಲ್ಲ. ಅನ್ನಬಹುದೆಂದು ನಾನೂ ಕಾದಿದ್ದೆ. ಸಂಜೆ ಅಕ್ಕಾರು ನಮ್ಮ ಬೆಂಚನ್ನು ತಾವೇ ಎಳೆದುಕೊಂಡು ಬಂದು ನಮ್ಮ ಕಟ್ಟೆಯ ಮೇಲಿಟ್ಟು ಹೋದರು.

ಇಪ್ಪತ್ತೈದರಂದು ಬೆಳಿಗ್ಗೆ ಅವರು ದೇವಾಲಯಕ್ಕೆ ಹೋದರು. ನಾನು ಮಕ್ಕಳಿಗೆ ಅರಿವೆ ತರಲು ಅಂದಪ್ಪನ ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ, ಅಂಗಡಿಯ ಮೇಲೆ ನನಗೂ ಸಿಟ್ಟಿತ್ತು, ಆದರೆ ಟೆರಿಕಾಟ್ ಖರೆಯಾಗಿಯೂ ಅಗ್ಗವಿತ್ತು. ಪ್ರಾರ್ಥನೆ ಮುಗಿಸಿ ಸಭೆಯವರು ಗುಂಪಾಗಿ ಎದುರಿನ ಬದಿಯಿಂದ ಹೊರಟರು. ಹೊಸ ಬಟ್ಟೆ, ನಗು, ಒಬ್ಬರಿಗೊಬ್ಬರು ಕೈ ಕುಲುಕುವುದು. ಅವರೆಲ್ಲ ಯೋಹಾನಪ್ಪನ ಓಣಿಗೆ ತಿರುಗಿದ ಮೇಲೆ ಹಿಂದೆ ಒಬ್ಬರೇ ಅಕ್ಕಾರು ಬಂದರು, ಬಿಳಿ ಸೀರೆ, ತಲೆಯ ಮೇಲೆ ಸೆರಗು. ಯಾರೂ ಅವರ ಕೈ ಮುಟ್ಟಿರಲಿಲ್ಲ ಎಂದು ಅವರು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡ ರೀತಿಯಲ್ಲೇ ನನಗೆ ಗೊತ್ತಾಯಿತು.

ಬಾಗಿಲಲ್ಲಿ ಇಬ್ರಾಹಿಂಸಾಬ ಗಂಟೆ ಬಾರಿಸುತ್ತಿದ್ದ. ಈ ಸಲ ಗಡ್ಡವನ್ನು ಅಂಟಿಸಿರಲಿಲ್ಲ, ದಾರ ಹಾಕಿ ಕಿವಿಗೆ ಕಟ್ಟಿದ್ದ. ಹೋಗುವವರಿಗೆ ಬರುವವರಿಗೆ ಹ್ಯಾಪಿ ಕ್ರಿಸ್‌ಮಸ್, ಹ್ಯಾಪಿ ಕ್ರಿಸ್‌ಮಸ್. ಅಕ್ಕಾರನ್ನು ಕಂಡಕೂಡಲೇ ಅವನ ಗಂಟೆ ನಿಂತಿತು. ಒಂದು ಕೈ ತಾನಾಗಿ ಗಡ್ಡಕ್ಕೆ ಹೋಯಿತು. ಒಂದು ಹೆಜ್ಜೆ ಹಿಂದೆ ಸರಿದ.

ಅಕ್ಕಾರು ಅವನ ಮುಂದೆ ಬಂದು ನಿಂತರು. ನಿಮ್ಮ ಕೆಲಸ ಮತ್ತೆ ಸಿಕ್ಕಿದ್ದು ನನ್ನಿಂದ ಎನ್ನಲಿಲ್ಲ. ಬಿಬಿಜಾನಳ ಹೆಸರು ಎತ್ತಲಿಲ್ಲ. ನಮ್ಮ ಹಿತ್ತಲ ಗೋಡೆಯ ಹತ್ತಿರ ಗಂಟೆ ಕೇಳುವಾಗಿನ ಅದೇ ಸಣ್ಣ ದನಿಯಲ್ಲಿ ಅಂದರು:

"ನನಗೂ ಹೇಳ್ರಿ. ಮುಂಜಾನಿಂದ ಯಾರೂ ಹೇಳಿಲ್ಲ."

ಮುದುಕ ಅಂದಪ್ಪನ ಕಡೆ ನೋಡಿದ, ಮಂದಿಯ ಕಡೆ ನೋಡಿದ. ಆಮೇಲೆ ರಾಜನ ಪಾರ್ಟಿನವರು ನಿಲ್ಲುವ ಹಾಗೆ ಎದೆ ಎತ್ತಿ ನಿಂತು, ಎರಡೂ ಕೈ ಜೋಡಿಸಿ, ಬಜಾರದ ಕೂಗಿಲ್ಲದೆ ಹೇಳಿದ, "ಹ್ಯಾಪಿ ಕ್ರಿಸ್‌ಮಸ್ ರೀ ಬಾಯಾರ." ಪೆಪ್ಪರಮೆಂಟು ಕೊಟ್ಟ. ಅಕ್ಕಾರು ಎರಡೂ ಕೈ ಒಡ್ಡಿ ತೆಗೆದುಕೊಂಡು, "ನಿಮಗೂರಿ" ಎಂದರು.

ನಾನು ಕಟ್ಟೆಯ ಮೇಲಿಂದ ಇಳಿದು ಅವರ ಹಿಂದೆ ಓಡಬೇಕಿತ್ತು. ಕೈಯಲ್ಲಿ ಅರಿವೆಯ ಗಂಟಿತ್ತು, ಅಂದಪ್ಪ ಚಿಲ್ಲರೆ ಇನ್ನೂ ಕೊಟ್ಟಿರಲಿಲ್ಲ. ಚಿಲ್ಲರೆ ತೆಗೆದುಕೊಂಡು ತಿರುಗುವಷ್ಟರಲ್ಲಿ ಅವರು ಓಣಿಯ ತಿರುವು ದಾಟಿದ್ದರು.