ಹೊಸ್ತಿಲಕ್ಕನ ಹೊಟ್ಟೆಕಿಚ್ಚು

ಭಾನುವಾರ, ಇನ್ನೂ ಪೂರ್ತಿ ಬೆಳಕಾಗಿಲ್ಲ. ಅಡುಗೆಮನೆಯ ಮೇಜಿನ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ಮೂಲೆಯಲ್ಲಿ ಅತ್ತೆಯ ಮಾತ್ರೆ ಡಬ್ಬಿ, ನಡುವೆ ಆರಿಹೋದ ಟೀ. ಹೊಸ್ತಿಲಕ್ಕ ಪರದೆಯ ಮೇಲೆ ಒಂದು ಸಾಲು ಬರೆಯುತ್ತಾರೆ, ತುಟಿ ಅಲುಗಿಸಿ ಓದಿಕೊಳ್ಳುತ್ತಾರೆ, ಅಳಿಸುತ್ತಾರೆ. ಪದ್ಯ ಬಾಯಿಪಾಠ ಮಾಡುವವರು ಚರಣ ತಪ್ಪಿದಾಗ ಮೊದಲಿನಿಂದ ಬರುವ ಹಾಗೆ ಮತ್ತೆ ಮೇಲಿನಿಂದ ಬರುತ್ತಾರೆ.

"ಇವತ್ತು ಬರೀತಿರೋದು ನಮಗಲ್ಲ," ಎನ್ನುತ್ತಾರೆ. "ಚಪ್ಪಾಳೆರಾಯನಿಗೆ." ಆ ಹೆಸರು ಹೇಳುವಾಗ ಲೋಟವನ್ನು ತುಸು ಜೋರಾಗಿಯೇ ಕೆಳಗಿಡುತ್ತಾರೆ.

ಅವರು ದುಡಿಯುವುದು ಒಂದು ಸೇವಾಸಂಸ್ಥೆಯಲ್ಲಿ. ಇನ್ನು ಗುಣವಾಗದು ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ ರೋಗಿಗಳ ಬಳಿಗೆ ಅದರ ದಾದಿಯರು ಹೋಗುತ್ತಾರೆ. ನೋವು ಇಳಿಸುತ್ತಾರೆ, ಮೈ ಒರೆಸುತ್ತಾರೆ. ದಾದಿ ಹೋಗದ ದಿನ ಮನೆಯವರಿಗೆ ಇಮೇಲಿನಲ್ಲಿ ಒಂದು ಪುಟ್ಟ ಪತ್ರ ಹೋಗುತ್ತದೆ: ರಾತ್ರಿ ನಿದ್ದೆ ಬಂತೇ, ಔಷಧಿ ಮುಗಿಯುತ್ತಿದೆಯೇ, ನೀವು ಊಟ ಮಾಡಿದಿರಾ. ದಿನಕ್ಕೆ ಸುಮಾರು ಮುನ್ನೂರು ಮನೆ. ಯಾವ ಮನೆಗೆ ಯಾವ ಪತ್ರ ಎಂದು ತಾನೇ ನಿರ್ಧರಿಸಿ ಕಳಿಸುವ ವ್ಯವಸ್ಥೆ ಹೊಸ್ತಿಲಕ್ಕ ಕಟ್ಟಿದ್ದು. ವ್ಯಾಪಾರದವರು ಇದನ್ನು ಮಾರ್ಕೆಟಿಂಗ್ ಆಟೊಮೇಷನ್ ಎನ್ನುತ್ತಾರೆ.

"ಸೋಪು ಮಾರೋ ವಿದ್ಯೆ. ನಾನೂ ಮೊದಲು ಸೋಪೇ ಮಾರ್ತಿದ್ದೆ. ನಿಮ್ಮನ್ನ ನೋಡಿ ಬಹಳ ದಿನ ಆಯ್ತು ಅಂತ, ಮುಖಾನೇ ನೋಡದ ಲಕ್ಷ ಜನಕ್ಕೆ ದಿನಾ ಬರೀತಿದ್ದೆ."

ಸಂಸ್ಥೆಗೆ ಬಂದ ಮೊದಲ ವರ್ಷವೇ ಒಂದು ಪತ್ರ ತಪ್ಪಿತು. ಆಗ ಪಟ್ಟಿ ರಾತ್ರಿಯೇ ಸಿದ್ಧವಾಗಿ, ಪತ್ರಗಳು ಬೆಳಿಗ್ಗೆ ಏಳಕ್ಕೆ ಹೊರಡುತ್ತಿದ್ದವು. ನಡುವೆ, ನಸುಕಿನಲ್ಲಿ, ಒಬ್ಬರು ತೀರಿಕೊಂಡರು. ದಾದಿ ತನ್ನ ಫೋನಿನಲ್ಲಿ ಅದನ್ನು ದಾಖಲಿಸಿದ್ದಳು. ರಾತ್ರಿಯ ಪಟ್ಟಿಗೆ ಗೊತ್ತಾಗುವುದು ಹೇಗೆ? 'ನಿಮ್ಮ ತಂದೆಗೆ ನಿದ್ದೆ ಬಂತೇ' ಎಂದು ಪತ್ರ ಹೋಯಿತು. ಮಗಳು ಉತ್ತರಿಸಿದಳು: 'ಬಂತು. ಇನ್ನು ಏಳುವುದಿಲ್ಲ.'

ಆ ವಾರವೇ ಅವರು 'ಹೊಸ್ತಿಲು' ಎಂಬ ಪ್ರೋಗ್ರಾಮ್ ಬರೆದದ್ದು. ಪ್ರತಿ ಪತ್ರವೂ ಹೊರಡುವ ಗಳಿಗೆಯಲ್ಲಿ ಹೊಸ್ತಿಲ ಮೇಲೆ ನಿಂತು, ಆ ಮನೆಯಲ್ಲಿ ಏನಾದರೂ ಆಗಿದೆಯೇ ಎಂದು ದಾದಿಯರ ದಾಖಲೆಯನ್ನು ಇನ್ನೊಮ್ಮೆ ನೋಡಿಯೇ ಮುಂದಡಿಯಿಡಬೇಕು. ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರೂ ಅಲ್ಲಿಂದಲೇ ಬಂತು. ಬರೆದದ್ದನ್ನು ಬೀಗ ಹಾಕದೆ ಎಲ್ಲರ ಮುಂದಿಟ್ಟರು. ಓಪನ್ ಸೋರ್ಸ್ ಎಂದರೆ ಅಷ್ಟೇ: ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು.

ಒಯ್ದವರಲ್ಲಿ ಒಬ್ಬ ಈ ಚಪ್ಪಾಳೆರಾಯ, ದೂರದ ಇನ್ನೊಂದು ಸಂಸ್ಥೆಯ ಪ್ರೋಗ್ರಾಮರ್. ಅವನು ಅದನ್ನು ಬೆಳೆಸಿದ, ಚೆಂದ ಮಾಡಿದ, ಹತ್ತಾರು ಸಂಸ್ಥೆಗಳಿಗೆ ಕೊಟ್ಟ. ಪ್ರಶಸ್ತಿ ಬಂತು. ವೇದಿಕೆ, ಹೂವು, ಎದ್ದು ನಿಂತ ಸಭೆ. ಆ ವಿಡಿಯೊವನ್ನು ಹೊಸ್ತಿಲಕ್ಕ ಎಷ್ಟು ಸಲ ನೋಡಿದ್ದಾರೆಂದರೆ, ಚಪ್ಪಾಳೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಅವರಿಗೆ ಕಂಠಸ್ಥ.

"ಕದ್ದನಾ ಅಂದ್ರೆ, ಇಲ್ಲ. ತಗೊಳ್ಳಿ ಅಂತ ನಾನೇ ಇಟ್ಟಿದ್ದು. ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರೂ ಹಾಕಿದ್ದಾನೆ. ಕದ್ದಿದ್ರೆ ಎರಡು ಬೈದು ನಿದ್ದೆ ಮಾಡ್ತಿದ್ದೆ. ನನಗಿಂತ ಚೆನ್ನಾಗಿ ಬರೆದಿದ್ದಾನೆ ನೋಡಿ, ಅದು ಉರಿ."

ಅಂದಿನಿಂದ ಅವನ ಒಂದೊಂದು ಸಾಲನ್ನೂ ಇವರು ಓದುತ್ತಾರೆ, ಹೊಸ ಸೊಸೆಯ ಅಡುಗೆಯಲ್ಲಿ ಕೂದಲು ಹುಡುಕುವ ಹಾಗೆ. ಮೊನ್ನೆ ಶುಕ್ರವಾರ ಸಿಕ್ಕಿತು. ಸೋಮವಾರ ಎಲ್ಲ ಸಂಸ್ಥೆಗಳಿಗೂ ಹೋಗಲಿರುವ ಹೊಸ ಆವೃತ್ತಿಯಲ್ಲಿ, ಕೆಲಸ ಬೇಗ ಆಗಲೆಂದು, ಹೊರಡುವಾಗಿನ ತಪಾಸಣೆಯನ್ನು ಅವನು ತೆಗೆದುಬಿಟ್ಟಿದ್ದ. ಪಟ್ಟಿ ಮಾಡುವಾಗ ನೋಡಿದ್ದಷ್ಟೇ ನೋಟ. ಹೊಸ್ತಿಲೇ ಇಲ್ಲದ ಮನೆ.

ಅವರು ಯಾರಿಗೂ ಹೇಳಲಿಲ್ಲ. ಶನಿವಾರ ಹಗಲೂ ಹೇಳಲಿಲ್ಲ. "ಬೀಳಲಿ ಒಂದ್ಸಲ, ಚಪ್ಪಾಳೆ ಹೊಡೆದೋರೇ ನೋಡಲಿ ಅನ್ನಿಸ್ತು. ಸುಳ್ಳು ಯಾಕೆ ಹೇಳಲಿ."

ನಿನ್ನೆ ಸಂಜೆ ಪಾತ್ರೆಗಳ ಸದ್ದಿಗೆ ಅತ್ತೆ ಎದ್ದು ಬಂದರಂತೆ.

"ಯಾರ ಮೇಲಿನ ಸಿಟ್ಟಮ್ಮಾ ಇದು? ಬಾಣಲೆ ಪಾಪ, ಏನು ಮಾಡಿತ್ತು?"

"ಅವನು ತಪ್ಪು ಮಾಡಿದ್ದಾನೆ ಅತ್ತೆ."

"ಮತ್ತೆ? ಹಾಲು ಕುಡಿದಷ್ಟು ಸಂತೋಷ ಆಗಬೇಕಿತ್ತಲ್ಲ ನಿನಗೆ."

ವಿಷಯವನ್ನೆಲ್ಲ ಕೇಳಿದ ಮೇಲೆ ಅತ್ತೆ ಒರೆಸುವ ಬಟ್ಟೆ ಕೈಗೆತ್ತಿಕೊಂಡು ಒಂದೇ ಮಾತು ಅಂದರು: "ಬೀಳೋದು ಅವನೇ, ಸರಿ. ಆ ಪತ್ರ ಹೋಗೋದು ಯಾರ ಮನೆಗೆ?"

ಅದಕ್ಕೇ ಈ ನಸುಕಿನ ಕೆಲಸ. ಹೊಸ್ತಿಲೂ ಇರಬೇಕು, ಅವನ ವೇಗವೂ ಕೆಡಬಾರದು. ಹಾಗೆ ಹೊಂದಿಸಿದ ಸಾಲುಗಳು ಕೊನೆಗೂ ಕೂಡಿಬಂದಿವೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಹೊಸ್ತಿಲಕ್ಕ ಅರೆಕ್ಷಣ ತಡೆಯುತ್ತಾರೆ, ತಾವೂ ಒಂದು ಪತ್ರವೇನೋ ಎಂಬಂತೆ. ಆಮೇಲೆ ಒತ್ತುತ್ತಾರೆ.

ಅವನೂ ಬೇಗ ಏಳುವವನೇ ಇರಬೇಕು. ಸ್ವಲ್ಪ ಹೊತ್ತಿಗೆ ಉತ್ತರ ಬರುತ್ತದೆ: 'ಸೇರಿಸಿದ್ದೇನೆ. ದೊಡ್ಡ ಅನಾಹುತ ತಪ್ಪಿತು. ಇದು ನಿಮ್ಮ ಕಣ್ಣಿಗೆ ಹೇಗೆ ಬಿತ್ತು?'

"ಹೊಟ್ಟೆಕಿಚ್ಚಿಂದ ಅಂತ ಬರೀಲಾ?"

"ಬರಿ ಬರಿ," ಒಳಗಿನಿಂದ ಅತ್ತೆಯ ದನಿ. "ಅದಕ್ಕೂ ಒಂದು ಬಹುಮಾನ ತಗೊಂಡಾನು."

ಗಂಟೆ ಏಳಾಗುತ್ತದೆ. ಪರದೆಯ ಮೇಲೆ ಅವರ ಸಂಸ್ಥೆಯ ಪತ್ರಗಳು ಒಂದೊಂದಾಗಿ ಹೊರಡುತ್ತವೆ. ಎರಡು ಮಾತ್ರ ಹೊಸ್ತಿಲಲ್ಲೇ ನಿಲ್ಲುತ್ತವೆ. ಆ ಎರಡು ಮನೆಗಳಿಗಾಗಿ ಹೊಸ್ತಿಲಕ್ಕ ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು ಕೂರುತ್ತಾರೆ.

ಕಿಚ್ಚು ಆರಿತೇ ಎಂದರೆ ನಗುತ್ತಾರೆ. "ಎಲ್ಲಿ ಆರುತ್ತೆ? ನನಗೇನು ವೇದಿಕೆ ಬೇಡ, ಹೂವೂ ಬೇಡ. ನಾನು ಬರೆದ ಒಂದು ಸಾಲು ನೋಡಿ, ಛೆ, ಇದು ನನಗೆ ಹೊಳೀಲಿಲ್ಲವಲ್ಲ ಅಂತ, ಅವನಿಗೂ ಒಂದು ರಾತ್ರಿ ನಿದ್ದೆ ಬರಬಾರದು. ಅಷ್ಟು ಆದ್ರೆ ಸಾಕು."