ಗಿರಿಜಾ ಸಿದ್ದಿಯ ಅಲಸಂದೆ ಸಾರು

ಅಟ್ಲಾಂಟಾದ ಕನ್ನಡಿಗರು ಯಾರೂ ಗಿರಿಜಾ ಸಿದ್ದಿಯನ್ನು ಕನ್ನಡದಲ್ಲಿ ಮಾತಾಡಿಸಿದವರಲ್ಲ. ಗುಂಗುರು ಕೂದಲು, ಕಪ್ಪು ಮೈಬಣ್ಣ ಕಂಡ ಕೂಡಲೇ ಇಂಗ್ಲಿಷ್ ಶುರು. ಅವಳೋ ಯಲ್ಲಾಪುರದ ಕಾಡಂಚಿನವಳು. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ ಸಿದ್ದಿಯರ ಪೈಕಿ. ಅವಳಿಗೆ ಕನಸು ಬೀಳುವುದೂ ಕನ್ನಡದಲ್ಲೇ. ಏನು ಹೇಳೋಣ, ನಮ್ಮ ಜನಕ್ಕೆ ಕಣ್ಣು ಮೊದಲು, ಕಿವಿ ಆಮೇಲೆ!

ಅವಳ ಅವ್ವ ಗೌರಿ ಊರ ಒಡೆಯರ ಮನೆಗೆ ಕೂಲಿಗೆ ಹೋಗುತ್ತಿದ್ದಳು. ಅಲಸಂದೆ ಬಿತ್ತಿ, ಬಿಡಿಸಿ, ಒಣಗಿಸಿ ಕೊಡುವವಳು ಅವಳೇ. ಆ ಕಾಳು ಅಡುಗೆಮನೆಗೆ ಹೋಗುತ್ತಿತ್ತು, ಅವ್ವ ಹಿತ್ತಿಲಲ್ಲೇ ಕೂರಬೇಕಿತ್ತು. ಒಳಗಿನವರು ಬಂದು ಅವಳ ಬಟ್ಟಲಿಗೆ ಸೌಟು ತಾಗದ ಹಾಗೆ ಮೇಲಿನಿಂದ ಸಾರು ಸುರಿಯುತ್ತಿದ್ದರು. ಪಕ್ಕದಲ್ಲಿ ಕೂತ ಗಿರಿಜಾಳ ಮೊಣಕಾಲಿಗೂ ಬಿಸಿ ಸಾರು ಸಿಡಿಯುತ್ತಿತ್ತು. ಅವಳು ಅಡುಗೆಯವಳಾಗಿದ್ದೇ ಆ ಹೊಟ್ಟೆ ಉರಿಗೆ ಅಂದರೆ ತಪ್ಪಿಲ್ಲ.

ಗೋವೆಯ ಹೋಟೆಲಿನಲ್ಲಿ ಪಾತ್ರೆ ತಿಕ್ಕಿ, ತರಕಾರಿ ಹೆಚ್ಚಿ, ಕೊನೆಗೆ ಪ್ರವಾಸಿ ಹಡಗಿನ ಅಡುಗೆಮನೆ ಸೇರಿದಳು. ಅಲ್ಲೇ ಜೊತೆಗೆ ಅಡುಗೆ ಮಾಡುತ್ತಿದ್ದ ಮಾರ್ಕಸ್‌ನನ್ನು ಮದುವೆಯಾದಳು. ಅವನು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನವನು, ಅವನ ಹಿರಿಯರನ್ನೂ ಆಫ್ರಿಕದಿಂದ ಹಡಗಿನಲ್ಲೇ ತಂದಿದ್ದು. 2020ರಲ್ಲಿ ಕೊರೋನಾ ಬಂದು ಹಡಗುಗಳು ನಿಂತಾಗ ಇಬ್ಬರೂ ಅತ್ತೆಯ ಮನೆಗೆ ಬಂದರು. ಮೊದಲ ದಿನ ಅತ್ತೆ ಬಡಿಸಿದ್ದು ಬೆಂಡೆಕಾಯಿ, ಅಲಸಂದೆ, ಅನ್ನ! ಇದೆಲ್ಲ ನಮ್ಮ ಹಿರಿಯರ ಜೊತೆ ಆಫ್ರಿಕದಿಂದ ಬಂದದ್ದು ಅಂದಳು ಅತ್ತೆ. ಗಿರಿಜಾ ತಟ್ಟೆ ಮುಂದಿಟ್ಟುಕೊಂಡು ಗಳಗಳನೆ ಅತ್ತುಬಿಟ್ಟಳು.

ಅಲ್ಲಿಂದ ಅವಳ ದಾರಿ ತೆರೆಯಿತು. ಅತ್ತೆಯ ಜಗಲಿಯಿಂದ ಊಟದ ಡಬ್ಬಿ ಮಾರಿದಳು. 2022ಕ್ಕೆ ಅಟ್ಲಾಂಟಾದಲ್ಲಿ ಪುಟ್ಟ ಹೋಟೆಲ್ ತೆರೆದಳು. ಆಫ್ರಿಕದ ಜನ ಎಲ್ಲೆಲ್ಲಿ ಚೆದುರಿದರೋ ಅಲ್ಲಲ್ಲಿಯ ಅಡುಗೆ. ಕೊನೆಗೆ ಅವ್ವನ ಅಲಸಂದೆ ಸಾರು. ಜನ ಉಂಡು ಮುಗಿಸುವಾಗ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು, ಆ ಸಾರು ಎಲ್ಲಿಂದ ಎಲ್ಲಿಗೆ ಬಂತು ಅಂತ ಕಥೆ ಹೇಳುವುದು ಅವಳ ರೂಢಿ. ಪತ್ರಿಕೆಯವರು ಬರೆದರು, ವಾಷಿಂಗ್ಟನ್‌ನಿಂದ ಜನ ಹುಡುಕಿಕೊಂಡು ಬಂದರು. ಆದರೂ ಅವಳಿಗೆ ಒಂದೇ ಆಸೆ. ತಾನು ಯಾರು ಅಂತ ತಿಳಿದೂ ನಮ್ಮ ಕನ್ನಡದೋರು ತನ್ನ ಕೈಯಡುಗೆ ಉಣ್ಣಬೇಕು.

ಮರುವರ್ಷದ ಯುಗಾದಿಗೆ ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನ ಒಂದಷ್ಟು ಕನ್ನಡ ಮನೆಗಳವರು ಸೇರಿ ಊಟ ಇಟ್ಟುಕೊಂಡರು. ವ್ಯವಸ್ಥೆ ನೋಡುತ್ತಿದ್ದವಳು ಸುರಭಿ ಅನ್ನುವ ಹುಡುಗಿ. ಈ ಸಲ ಏನಾದರೂ ಡಿಫರೆಂಟ್ ಇರಲಿ ಅಂತ, ಹೋಟೆಲಿನಲ್ಲಿ ಕೂತು ಉಣ್ಣದೆ ಬರೀ ಮೆನು ನೋಡಿ, ಆಫ್ರಿಕನ್ ವೆಜ್ ಊಟಕ್ಕೆ ಗಿರಿಜಾಳಿಗೆ ಹೇಳಿದಳು, ಇಂಗ್ಲಿಷಿನಲ್ಲೇ.

"ಸುಮ್ಮನೆ ಬಡಿಸಿ ಬಂದುಬಿಡು" ಅಂದ ಮಾರ್ಕಸ್.

"ಇಲ್ಲ, ಸಾರಿನ ಕಥೆ ಹೇಳ್ತೇನೆ. ಕನ್ನಡದಲ್ಲೇ ಹೇಳ್ತೇನೆ" ಅಂದಳು ಇವಳು. ಅವನಿಗೆ ಏನು ಗೊತ್ತು, ಬೆಳಗಿನಿಂದ ಅವಳು ಆ ಮಾತನ್ನು ಎಷ್ಟು ಸಲ ಹೇಳಿ ನೋಡಿಕೊಂಡಿದ್ದಳು ಅಂತ!

ಊಟವೋ, ಬಾಯಿ ಚಪ್ಪರಿಸಿಕೊಂಡು ಉಂಡರು. ಹೃದಯದ ಡಾಕ್ಟರು ಹರಿಪ್ರಸಾದರು ಸಾರನ್ನು ಕೈಯಲ್ಲೇ ಸೊರ್‌ರ್ ಅಂತ ಕುಡಿದರು. ಅವರ ಹೆಂಡತಿ ನಳಿನಿ ಎರಡನೇ ಸಲ ಹಾಕಿಸಿಕೊಂಡರು. ಇಬ್ಬರೂ ಶಿರಸಿ ಕಡೆಯವರು. "ಥೇಟ್ ನಮ್ಮ ಊರಿನ ರುಚಿ ಕಣ್ರೀ!" ಅಂದರು ನಳಿನಿ ಗಂಡನಿಗೆ.

ಗಿರಿಜಾಳಿಗೆ ತಡೆಯಲಾಗಲಿಲ್ಲ. "ನಮ್ಮ ಊರಿಂದೇ ಆಂಟಿ. ಇನ್ನೊಂಚೂರು ಹಾಕಲಾ?"

ಅಯ್ಯೋ, ಕನ್ನಡ! ಎಲ್ಲರೂ ಚಪ್ಪಾಳೆ ತಟ್ಟಿದರು. "ಎಲ್ಲಿ ಕಲಿತ್ರಿ ನೀವು? ಎಷ್ಟು ಚಂದ ಮಾತಾಡ್ತೀರಿ!" ಅಂದರು ನಳಿನಿ.

"ಕಲೀಲಿಲ್ಲ ಆಂಟಿ, ಹುಟ್ಟಿದ್ದೇ ಯಲ್ಲಾಪುರದಲ್ಲಿ. ನಾವು ಸಿದ್ದಿಯರು. ಇದು ನಮ್ಮವ್ವನ ಸಾರು."

ನಳಿನಿಯವರ ಕೈ ತಟ್ಟೆಯಲ್ಲೇ ನಿಂತಿತು. "ಓ, ಸಿದ್ದಿಯರ ಪೈಕಿಯಾ ನೀನು?" ನೋಡಿ, ಆಫ್ರಿಕದವಳಾಗಿದ್ದಾಗ 'ನೀವು', ಊರಿನವಳಾದ ಕೂಡಲೇ 'ನೀನು'! ಅವರು ತಟ್ಟೆ ಸರಿಸಿ, "ಹೊಟ್ಟೆ ತುಂಬಿತು" ಅಂತ ಕೈ ತೊಳೆಯಲು ಎದ್ದರು. ಅವರನ್ನು ನೋಡಿ ಪಕ್ಕದ ಇಬ್ಬರು ಹಿರಿಯರೂ ಎದ್ದರು. ಉಳಿದವರು ಮುಖ ಹುಳ್ಳಗೆ ಮಾಡಿಕೊಂಡು ಫೋನ್ ನೋಡಿದರು. ಕೆಟ್ಟ ಮಾತು ಯಾರೂ ಆಡಲಿಲ್ಲ. ಓದಿದವರಲ್ಲವೇ!

ಗಿರಿಜಾ ಬಿಡಲಿಲ್ಲ. ಸಿಂಕಿನ ತನಕ ಹಿಂದೆ ಹೋಗಿ ಕೇಳಿದಳು: "ಈಗ ಬಿಟ್ಟಿದ್ದನ್ನ ನಾನು ಚೆಲ್ತೇನೆ ಆಂಟಿ. ಮೊದಲು ಉಂಡಿದ್ದನ್ನ ನೀವು ಏನು ಮಾಡ್ತೀರಿ?"

ನಳಿನಿ ನಲ್ಲಿ ಜೋರಾಗಿ ತಿರುಗಿಸಿದರು. ಹರಿಪ್ರಸಾದರು ಗೋಡೆ ನೋಡುತ್ತಿದ್ದರು.

ಮನೆಗೆ ಬಂದು ಗಿರಿಜಾ ಪಾತ್ರೆ ತೊಳೆಯುತ್ತ ಬಿಕ್ಕಿ ಬಿಕ್ಕಿ ಅತ್ತಳು. ಅವಮಾನಕ್ಕಿಂತ ಅವಳಿಗೆ ತನ್ನ ಆಸೆಯ ಮೇಲೇ ಸಿಟ್ಟು. ದೀಪಾವಳಿಗೆ ಸುರಭಿ ಮತ್ತೆ ಫೋನ್ ಮಾಡಿದಳು, ಈ ಸಲ ಕನ್ನಡದಲ್ಲಿ. "ಸಾರಿ ಆಂಟಿ, ಊಟ ನಿಮ್ದೇ ಬೇಕು. ಆ ಯಲ್ಲಾಪುರದ ಸ್ಟೋರಿ ಒಂದು ಸ್ಕಿಪ್ ಮಾಡ್ತೀರಾ? ದೊಡ್ಡೋರು ಇರ್ತಾರೆ."

"ಕಥೆ ಇಲ್ಲದೆ ಊಟ ಇಲ್ಲಮ್ಮ" ಅಂದಳು ಗಿರಿಜಾ. ಅವರು ಬೇರೆ ಕಡೆ ತರಿಸಿಕೊಂಡರು. ಅಂದಿನಿಂದ ಹೋಟೆಲಿನಲ್ಲಿ ಮೊದಲು ಕಥೆ, ಆಮೇಲೆ ಸಾರು. ಬೇಡದವರು ಎದ್ದು ಹೋಗಬಹುದು.

ಮರುವರ್ಷ ಒಂದು ಮಧ್ಯಾಹ್ನ ಹರಿಪ್ರಸಾದರು ಒಬ್ಬರೇ ಬಂದರು. "ಅಲಸಂದೆ ಸಾರು, ಅನ್ನ. ಟು ಗೋ, ಕಟ್ಟಿ ಕೊಡಮ್ಮ."

"ಕಥೆ ಕೇಳ್ಬೇಕು ಅಂಕಲ್ ಮೊದಲು."

"ನಂಗೆ ಗೊತ್ತಿರೋ ಕಥೆನೇ ಅಲ್ವೇನಮ್ಮ" ಅಂದರು ನೆಲ ನೋಡುತ್ತ. ಗಿರಿಜಾ ಡಬ್ಬಿ ಕಟ್ಟಿ ಕೊಟ್ಟಳು.

ಆಮೇಲೆ ಕಿಟಕಿಯಿಂದ ನೋಡಿದರೆ ಕಾರು ಹೋಗಿಯೇ ಇಲ್ಲ. ಸೀಟಿನಲ್ಲೇ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುದುಕರು ಉಣ್ಣುತ್ತಿದ್ದಾರೆ. ಅವಳು ಸಾರಿನ ಪಾತ್ರೆ, ಸೌಟು ಹಿಡಿದು ಹೋದಳು.

"ಒಳಗೆ ಬನ್ನಿ ಅಂಕಲ್. ಟೇಬಲ್ ಖಾಲಿ ಇದೆ."

"ಬೇಡಮ್ಮ. ಯಾರಾದ್ರೂ ನೋಡಿದ್ರೆ ನಳಿನಿಗೆ ಹೇಳ್ತಾರೆ." ಅವರು ಕಾರಿನ ಕಿಟಕಿಯಿಂದ ಡಬ್ಬಿ ಚಾಚಿದರು. "ಇನ್ನೊಂಚೂರು ಸಾರು ಇದ್ರೆ..."

ಗಿರಿಜಾ ಕೈ ಎತ್ತಿದಳು. ಸೌಟು ಡಬ್ಬಿಗೆ ತಾಗದ ಹಾಗೆ, ಮೇಲಿನಿಂದ ಸುರಿದಳು.