ದುಬೈದಾಕಿಯ ಕುರ್ಚಿ

ಮಸ್ಕತ್ತಿನ ಒಂದು ಮನೆಯಲ್ಲಿ, ಹಾಸಿಗೆ ಹಿಡಿದ ಮುದುಕಿಯನ್ನು ಏಳು ವರ್ಷ ನೋಡಿಕೊಂಡೆ. ಅಲ್ಲಿ ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ‘ಹಿಂದಿಯಾ’, ಅಂದರೆ ಭಾರತದವಳೇ ಎಂದು ಕೂಗಿದರೆ ಓಡಬೇಕು, ಅಷ್ಟೇ. ಪಕ್ಕದ ಮನೆಯ ಕೇರಳದವಳೂ ಹಿಂದಿಯಾ, ಎದುರು ಮನೆಯ ಆಂಧ್ರದವಳೂ ಹಿಂದಿಯಾ. ಊರಿಗೆ ಹೋದರೆ ನನ್ನ ಹೆಸರು ನನಗೆ ಸಿಗುತ್ತದೆ ಎಂದುಕೊಂಡಿದ್ದೆ. ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದದ್ದೇ ತಡ, “ದುಬೈದಾಕಿ ಬಂದಾಳ” ಅಂದರು. ದುಬೈಯನ್ನು ನಾನು ಕನಸಿನಲ್ಲೂ ಕಂಡವಳಲ್ಲ. ಮೊದಮೊದಲು ತಿದ್ದಿದೆ, ಆಮೇಲೆ ಬಾಯಿ ನೋಯಿಸಿಕೊಳ್ಳುವುದನ್ನು ಬಿಟ್ಟೆ.

ಆದರೆ ನಮ್ಮೂರು ಬೋನಾಳದ ತವರುಮನೆಯಲ್ಲಿ ಆದದ್ದನ್ನು ಸುಮ್ಮನೆ ಬಿಡಲಿಲ್ಲ.

ಅಣ್ಣನ ಮಗಳ ಮದುವೆಗೆ ಎರಡು ದಿನ ಮೊದಲು ಹೆಂಗಸರೆಲ್ಲ ಅಂಗಳದಲ್ಲಿ ಮದುವೆಯೂಟದ ಕಟಕ ರೊಟ್ಟಿ, ಅಂದರೆ ಗರಿಗರಿ ಒಣಗಿಸಿಡುವ ಜೋಳದ ರೊಟ್ಟಿ ಬಡಿಯಲು ಕೂತಿದ್ದರು. ನಮ್ಮಲ್ಲಿ ಈ ಕೆಲಸಕ್ಕೆ ಯಾರನ್ನೂ ಕರೆಯುವುದಿಲ್ಲ. ಮನೆಯವಳಾದವಳು ತಾನೇ ಬಂದು ಒಂದು ಒಲೆ ಹಿಡಿಯುತ್ತಾಳೆ. ಕುರ್ಚಿ ಏನಿದ್ದರೂ ಬೀಗರಿಗೆ. ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನನ್ನು ಕಂಡವರೇ ಪ್ಲಾಸ್ಟಿಕ್ ಕುರ್ಚಿ ತಂದು ಸೆರಗಿನಿಂದ ಒರೆಸಿದರು.

“ಇಲ್ಲೇ ಕುಂದ್ರವಾ. ಎಸಿ ಒಳಗ ಇದ್ದಾಕಿ, ಹೊಗಿ ನಿನಗ ತಡಿಯಂಗಿಲ್ಲ.”

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಪರದೇಶದಲ್ಲಿ ಪರದೇಶಿಯಾಗಿದ್ದೆ, ಸರಿ. ತವರಿನ ಅಂಗಳದಲ್ಲೂ ನಾನು ಬೀಗಿತ್ತಿಯೇ?

“ವೈನಿ, ಕುರ್ಚಿ ಬೀಗರಿಗೆ ಇಡ್ರಿ,” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕೂತೆ.

ಅಲ್ಲೇ ಎಡವಿದೆ. ಏಳು ವರ್ಷ ಮೈದಾ ಕಲಸಿದ ಕೈ, ಜೋಳದ ಹಿಟ್ಟಿಗೂ ತಣ್ಣೀರು ಸುರಿಯಿತು. ಕುದಿಯುವ ನೀರು ಹಾಕದಿದ್ದರೆ ಜೋಳದ ಹಿಟ್ಟಿಗೆ ಜಿಗುಟು ಬರುವುದಿಲ್ಲ; ನಮ್ಮ ಕಡೆ ಸಣ್ಣ ಹುಡುಗಿಯರಿಗೂ ಗೊತ್ತಿರುವ ಮಾತು. ರೊಟ್ಟಿ ಎತ್ತಿದರೆ ಮೂರು ಚೂರು.

“ಸಾಕು ಏಳವಾ, ನಿನ್ನ ಕೈಲೆ ಆಗಂಗಿಲ್ಲ,” ಎಂದರು ವೈನಿ, ಮೆತ್ತಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಏಳಂಗಿಲ್ರಿ. ಕುದಿಯೋ ನೀರು ಕೊಡ್ರಿ.”

ಹಿಟ್ಟನ್ನು ಹೊಸದಾಗಿ ನಾದಿದೆ. ಎರಡನೆಯ ರೊಟ್ಟಿಯೂ ಅಂಚಿನಲ್ಲಿ ಬಿರಿಯಿತು. ಐದನೆಯದು ಗುಂಡಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಅಂಗೈ ಕೆಂಪಾಗಿ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಸಾಯಲಿ, ಏಳುವುದಿಲ್ಲ ಎಂದು ಕೂತೆ. ನಡುವೆ ಪಕ್ಕದವಳ ಮಾತಿಗೆ ಕಿವಿಗೊಟ್ಟು ಹಂಚಿನ ಮೇಲಿನ ರೊಟ್ಟಿಯನ್ನು ಮರೆತೇಬಿಟ್ಟೆ.

“ಏ, ಕಣ್ಣು ಎಲ್ಲಿಟ್ಟಿ? ರೊಟ್ಟಿ ಹೊತ್ತಾಕತ್ತದ, ಖಬರ್ ಇಲ್ಲೇನು!” ವೈನಿ ಗದರಿದರು, ‘ಏ’ ಜೊತೆಗೆ ನನ್ನ ಹೆಸರನ್ನೂ ಹಿಡಿದು.

ಬೀಗರನ್ನು ನಮ್ಮಲ್ಲಿ ಯಾರೂ ಬೈಯುವುದಿಲ್ಲ. ಸೀದ ರೊಟ್ಟಿಯನ್ನು ತಿರುವಿ ಹಾಕಿದೆ. ಖಾಲಿ ಕುರ್ಚಿಯನ್ನು ಹತ್ತಿರ ಎಳೆದು, ಅದರ ಮೇಲೆ ರೊಟ್ಟಿಯ ಬುಟ್ಟಿ ಇಟ್ಟೆ.